ಹಳೇ ಡಬ್ಬಿ, ಹೊಸ ಕಿಂಡಿ

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಕಂಪ್ಯೂಟರಿನ ತಗಡಿನ ಡಬ್ಬಿಗೆ ಕ್ಯಾಬಿನೆಟ್ ಅನ್ನುವವರು ಕಡಿಮೆ. ಎಲ್ಲರೂ ‘ಸಿಪಿಯು’ ಅನ್ನುತ್ತಾರೆ. ಕಚೇರಿಯ ಗುಮಾಸ್ತರಿಂದ ಹಿಡಿದು ಎಂಟನೆಯ ತರಗತಿಯ ಹುಡುಗನವರೆಗೆ ಅದೇ ಹೆಸರು. ಸಿಪಿಯು ಎಂದರೆ ಒಳಗೆ ಕೂತಿರುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಚಿಪ್, ಹೊರಗಿನದು ಅದರ ಮನೆ ಮಾತ್ರ ಎಂದು ವಿಜ್ಞಾನದ ಮಾಸ್ತರನಾದ ನಾನು ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಯಾರೂ ರೂಢಿ ಬಿಟ್ಟಿಲ್ಲ. ಹೆಸರಿನ ಮಟ್ಟಿಗೆ ಇದರಿಂದ ದೊಡ್ಡ ಅನಾಹುತವೇನೂ ಇಲ್ಲ. ಆದರೆ ಮನೆಯನ್ನೂ ಯಜಮಾನನನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಒಂದು ನಷ್ಟವಿದೆ. ಯಜಮಾನ ಮುದುಕನಾದ ಕೂಡಲೇ ಮನೆಯೂ ಹಳತಾಯಿತೆಂದು ಕೆಡವಿಬಿಡುತ್ತೇವೆ.

ಈಗಂತೂ ಕೆಡವುವ ಕಾಲ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಹಾಗಾಗಿ ಕಚೇರಿ, ಅಂಗಡಿ, ಶಾಲೆಗಳಲ್ಲಿ ಹಳೆಯ ಯಂತ್ರಗಳು ಮೂಲೆ ಸೇರುತ್ತಿವೆ. ಮದರ್‌ಬೋರ್ಡು, ಪ್ರೊಸೆಸರು, ಮೆಮರಿ ಹಳತಾಗಿವೆ ಎಂದರೆ ಒಪ್ಪಬಹುದು. ಡಬ್ಬಿಯನ್ನೇಕೆ ಎಸೆಯುತ್ತೀರಿ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಈಗಿನ ಪೋರ್ಟು ಅದಕ್ಕ ಹೊಂದಂಗಿಲ್ರಿ.’

ಈ ಮಾತು ನಿಜವೇ? ಸ್ವಲ್ಪ ನಿಜ, ಬಹುಪಾಲು ಅಲ್ಲ. ಎಷ್ಟು ನಿಜ, ಎಷ್ಟು ಅಲ್ಲ ಎಂಬುದನ್ನು ಅಳೆದು ಹೇಳುವುದೇ ಈ ಲೇಖನದ ಉದ್ದೇಶ. ಅಳೆಯುವ ಕೆಲಸ ವಿಜ್ಞಾನದ ಮಾಸ್ತರನದ್ದು ತಾನೇ.

ನನ್ನ ನೌಕರಿಯ ದಿನಗಳೆಲ್ಲ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳಲ್ಲೇ ಕಳೆದಿವೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಜಿಲ್ಲೆಯಲ್ಲಿದ್ದುದು ಇವೇ ನಾಲ್ಕು. ವಿಚಿತ್ರವೆಂದರೆ ಒಂದೊಂದು ತಾಲ್ಲೂಕಿನಲ್ಲಿ ನಾನು ಕಂಡ ಡಬ್ಬಿ ಒಂದೊಂದು ಕಾಲದ್ದು. ಆ ನಾಲ್ಕನ್ನು ಸಾಲಾಗಿ ಇಟ್ಟರೆ ಕಿಂಡಿಗಳ ಇತಿಹಾಸವೇ ಮುಗಿಯುತ್ತದೆ.

ಮೊದಲನೆಯದು ಕುಷ್ಟಗಿಯದು. 1990ರ ದಶಕದ ಕೊನೆಯಲ್ಲಿ ಅಲ್ಲಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ನಾನು ಸಂಜೆ ಹೊತ್ತು ಕಲಿಯಲು ಹೋಗುತ್ತಿದ್ದೆ. ಕುಷ್ಟಗಿಯ ಧೂಳಿಗೆ ಹೆದರಿ ಯಂತ್ರಕ್ಕೆ ಮೇಲುಹೊದಿಕೆ ಹಾಕಿರುತ್ತಿದ್ದರು. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕಿತ್ತು. ಅದು ಎಟಿ ಎಂಬ ಮಾದರಿಯ ಡಬ್ಬಿ. 1984ರಲ್ಲಿ ಐಬಿಎಂ ಕಂಪನಿ ತಂದ ಪಿಸಿ ಎಟಿ ಯಂತ್ರದಿಂದ ಬಂದ ಹೆಸರು. ಹಿಂಬದಿಯಲ್ಲಿ ಕೀಲಿಮಣೆಗೆಂದು ದುಂಡನೆಯ ಒಂದೇ ತೂತು, ಅದರಲ್ಲಿ ಐದು ಪಿನ್. ಪ್ರಿಂಟರು, ಮೌಸಿನ ಕಿಂಡಿಗಳು ಬೋರ್ಡಿನ ಮೇಲಿರಲಿಲ್ಲ. ಚಪ್ಪಟೆ ತಂತಿಯ ತುದಿಗೆ ಕಟ್ಟಿಕೊಂಡು ಬಂದು ಡಬ್ಬಿಯ ಹಿಂಭಾಗದ ಸೀಳುಗಳಲ್ಲಿ ಕೂತಿರುತ್ತಿದ್ದವು. ಇನ್ನೊಂದು ಮುಖ್ಯ ಸಂಗತಿ, ಅದರ ಮುಂಬದಿಯ ಸ್ವಿಚ್ಚಿಗೆ ಗೋಡೆಯ 230 ವೋಲ್ಟ್ ಕರೆಂಟೇ ನೇರವಾಗಿ ಬರುತ್ತಿತ್ತು. ಒಳಗಿನ ತಂತಿಯ ಟೇಪು ಸಡಿಲಾದರೆ ತಗಡಿನ ಡಬ್ಬಿಗೇ ಕರೆಂಟು. ಅಂಥ ಡಬ್ಬಿ ಈಗಲೂ ಎಲ್ಲಾದರೂ ಸಿಕ್ಕರೆ ಅದನ್ನು ಹೊಸ ಬೋರ್ಡಿಗೆ ಹೊಂದಿಸುವ ಸಾಹಸ ಬೇಡ. ಹಿಂಬದಿಯ ತಗಡು ಕತ್ತರಿಸಬೇಕಾಗುತ್ತದೆ, ಸ್ವಿಚ್ಚು ಬದಲಿಸಬೇಕಾಗುತ್ತದೆ. ಆ ಡಬ್ಬಿಯ ಕಾಲ ಮುಗಿಯಿತು.

ಎರಡನೆಯದು ಯಲಬುರ್ಗಾದ್ದು. ರಾಜ್ಯ ಸರ್ಕಾರ 2001ರಲ್ಲಿ ‘ಮಾಹಿತಿ ಸಿಂಧು’ ಯೋಜನೆ ಆರಂಭಿಸಿದ ಮೇಲೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರಿನ ಮಾತು ಕೇಳತೊಡಗಿತು. ಆ ಹೊತ್ತಿಗೆ ಪೇಟೆಯಲ್ಲಿ ಹೊಸ ಮಾದರಿಯ ಡಬ್ಬಿ ಬಂದು ನೆಲೆಯೂರಿತ್ತು. ಅದರ ಹೆಸರು ಎಟಿಎಕ್ಸ್. ಇಂಟೆಲ್ ಕಂಪನಿ 1995ರಲ್ಲಿ ಪ್ರಕಟಿಸಿದ ಅಳತೆಪಟ್ಟಿ ಅದು. ಇದನ್ನು ಬರೆದವರ ಜಾಣತನ ಒಂದು ಕಿಂಡಿಯಲ್ಲಿದೆ. ಯಾವ ಯಾವ ಪೋರ್ಟು ಎಲ್ಲೆಲ್ಲಿ ಇರಬೇಕೆಂದು ಡಬ್ಬಿಯ ತಗಡಿನ ಮೇಲೆ ಅವರು ಕೊರೆದಿಡಲಿಲ್ಲ. ಅದರ ಬದಲು ಹಿಂಬದಿಯಲ್ಲಿ ಆರೂಕಾಲು ಇಂಚು ಅಗಲ, ಒಂದೂಮುಕ್ಕಾಲು ಇಂಚು ಎತ್ತರದ ಒಂದು ಖಾಲಿ ಆಯತವನ್ನು ಬಿಟ್ಟರು. ಮಿಲಿಮೀಟರಿನಲ್ಲಿ 158.75 ಮತ್ತು 44.45. ಆ ಆಯತಕ್ಕೆ ಹೊಂದುವ, ತನ್ನ ಪೋರ್ಟುಗಳಿಗೆ ತಕ್ಕಂತೆ ತೂತು ಕೊರೆದ ತೆಳು ತಗಡಿನ ಪಟ್ಟಿಯನ್ನು ಬೋರ್ಡು ಮಾಡುವವನೇ ಬೋರ್ಡಿನ ಜೊತೆ ಕೊಡಬೇಕು. ಪೋರ್ಟು ಬದಲಾದರೆ ಪಟ್ಟಿ ಬದಲಾಗುತ್ತದೆ, ಡಬ್ಬಿ ಬದಲಾಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಬಾಗಿಲಿನ ಚೌಕಟ್ಟನ್ನು ಅಜ್ಜ ಹಾಕಿಸಿರುತ್ತಾನೆ, ಕದವನ್ನು ಮೊಮ್ಮಗ ಬದಲಿಸುತ್ತಾನೆ. ಅದೇ ತರ್ಕ.

ಇದರಿಂದ ತಿಳಿಯುವುದೇನೆಂದರೆ, ಎಟಿಎಕ್ಸ್ ಅಳತೆಯ 2002ರ ಡಬ್ಬಿಯ ಬೆನ್ನಿಗೆ ಇವತ್ತಿನ ಬೋರ್ಡಿನ ಹಿಂಬದಿಯ ಪೋರ್ಟುಗಳೆಲ್ಲ ಹೊಂದುತ್ತವೆ. ಎಚ್‌ಡಿಎಂಐ ಇರಲಿ, ಟೈಪ್-ಸಿ ಇರಲಿ, ಆ ಆಯತದೊಳಗೇ ಬರಬೇಕು. ಸ್ಕ್ರೂ ತೂತುಗಳ ಜಾಗವೂ ಹಾಗೆಯೇ. ದೊಡ್ಡ ಎಟಿಎಕ್ಸ್ ಬೋರ್ಡು 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. 1997ರಲ್ಲಿ ಬಂದ ಮೈಕ್ರೋ ಎಟಿಎಕ್ಸ್ 244ಕ್ಕೆ 244. ದೊಡ್ಡದರ ತೂತುಗಳಲ್ಲೇ ಕೆಲವನ್ನು ಚಿಕ್ಕದೂ ಬಳಸಿಕೊಳ್ಳುತ್ತದೆ. ಇಂಟೆಲ್ ಕಂಪನಿಯೇ 2004ರ ಸುಮಾರಿಗೆ ಬಿಟಿಎಕ್ಸ್ ಎಂಬ ಬೇರೆ ಅಳತೆ ತಂದು ಎಟಿಎಕ್ಸನ್ನು ಮನೆಗೆ ಕಳಿಸಲು ನೋಡಿತು. ಎರಡು ವರ್ಷದಲ್ಲಿ ತಾನೇ ಅದನ್ನು ಕೈಬಿಟ್ಟಿತು. ಎಟಿಎಕ್ಸ್ ಹೋಗಲಿಲ್ಲ, 30 ವರ್ಷ ದಾಟಿಯೂ ನಿಂತಿದೆ.

ಹಾಗಾದರೆ ತಕರಾರು ಎಲ್ಲಿಯದು? ಅದು ಡಬ್ಬಿಯ ಮುಂಬದಿಯದು. ಯಲಬುರ್ಗಾ ತಾಲ್ಲೂಕಿನ ನನ್ನ ಶಾಲೆಗೆ ಬಂದಿದ್ದ ಒಂದು ಯಂತ್ರದ ಮುಂಬದಿಯಲ್ಲಿ ಯುಎಸ್‌ಬಿಯ ಎರಡು ಕಿಂಡಿಗಳಿದ್ದವು. ಮಕ್ಕಳಿಗೆ ಅದರ ಮೇಲೆ ಬಹಳ ಆಸೆ. ಆದರೆ ಯಾರು ಎಷ್ಟು ಸಲ ಪೆನ್ ಡ್ರೈವ್ ತೂರಿಸಿದರೂ ಅದು ಉಸಿರೆತ್ತುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಕಿಂಡಿಯಿಂದ ಹೊರಟ ತಂತಿಗಳು ಬೋರ್ಡಿಗೆ ಸೇರಿರಲೇ ಇಲ್ಲ. ರಬ್ಬರ್ ಬ್ಯಾಂಡ್ ಸುತ್ತಿ ಮೂಲೆಗೆ ತುರುಕಿದ್ದರು. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಕಿಟಕಿಯಂತೆ! ಜೋಡಿಸಿದವನ ಸೋಮಾರಿತನವೋ ಹೆದರಿಕೆಯೋ ಹೇಳಲಾರೆ. ಹೆದರಿಕೆಗೆ ಕಾರಣವಂತೂ ಇತ್ತು. ಆ ಕಾಲದ ಡಬ್ಬಿಗಳಲ್ಲಿ ಪ್ರತಿ ಕಿಂಡಿಗೆ ನಾಲ್ಕು ಬಿಡಿ ತಂತಿ: ಕೆಂಪಿಗೆ 5 ವೋಲ್ಟ್, ಬಿಳಿ ಮತ್ತು ಹಸಿರಿನಲ್ಲಿ ಮಾಹಿತಿ, ಕಪ್ಪು ಭೂಮಿ. ಬೋರ್ಡಿನ ಪಿನ್ನುಗಳ ಕ್ರಮ ಒಂದೊಂದು ಕಂಪನಿಯದು ಒಂದೊಂದು ಥರ. ಕೆಂಪಿನ ಜಾಗದಲ್ಲಿ ಕಪ್ಪು ಹೋದರೆ ಪೆನ್ ಡ್ರೈವ್ ಸುಡುತ್ತದೆ, ಕೆಲವೊಮ್ಮೆ ಬೋರ್ಡೂ.

ಮೂರನೆಯ ಡಬ್ಬಿಗೆ, ಗಂಗಾವತಿಗೆ, ಬರುವ ಮೊದಲು ಈ ಯುಎಸ್‌ಬಿಯ ವಂಶಾವಳಿಯನ್ನು ಸ್ವಲ್ಪ ನೋಡೋಣ. 1996ರಲ್ಲಿ ಹುಟ್ಟಿದ ಇದರ ಶಿಲ್ಪಿಗಳಲ್ಲಿ ಒಬ್ಬರು ಗುಜರಾತಿನ ವಡೋದರದಲ್ಲಿ ಓದಿ ಇಂಟೆಲ್ ಸೇರಿದ ಅಜಯ್ ಭಟ್. ಮೊದಲು ಇದರ ವೇಗ ಸೆಕೆಂಡಿಗೆ ಹೆಚ್ಚೆಂದರೆ 12 ಮೆಗಾಬಿಟ್. 2000ದಲ್ಲಿ ಯುಎಸ್‌ಬಿ 2.0 ಬಂದು 480 ಮೆಗಾಬಿಟ್ ಆಯಿತು. 2008ರಲ್ಲಿ 3.0 ಬಂದು 5 ಗಿಗಾಬಿಟ್ ಆಯಿತು. 2014ರಲ್ಲಿ ಟೈಪ್-ಸಿ ಎಂಬ ಹೊಸ ಬಾಯಿ ಬಂತು. ಹಳೆಯ ಬಾಯಿಯಲ್ಲಿ ನಾಲ್ಕೇ ಸಂಪರ್ಕ ಪಟ್ಟಿಗಳು. 3.0 ಅದೇ ಬಾಯಿಯೊಳಗೆ ಇನ್ನೂ ಐದನ್ನು ಆಳದಲ್ಲಿ ಅಡಗಿಸಿ ಒಂಬತ್ತು ಮಾಡಿತು. ಟೈಪ್-ಸಿಯಲ್ಲಿ 24. ಯಾವ ಮಗ್ಗುಲಾಗಿ ತೂರಿಸಿದರೂ ಹೋಗಲೆಂದು ಎರಡೂ ಕಡೆ ಒಂದೇ ಜೋಡಣೆ. ಮೊದಲೇ ಹಾಗೆ ಮಾಡಬಹುದಿತ್ತಲ್ಲ ಎಂದು ಪ್ರತಿ ಸಲ ಪೆನ್ ಡ್ರೈವ್ ತಿರುವಿ ಹಾಕುವಾಗ ನಮಗೆಲ್ಲ ಅನ್ನಿಸಿದೆ. ತಂತಿ, ಖರ್ಚು ಎರಡೂ ಹೆಚ್ಚಾಗುತ್ತಿದ್ದುದರಿಂದ ಅದನ್ನು ಬಿಟ್ಟೆವೆಂದು ಅಜಯ್ ಭಟ್ ಅವರೇ ಮುಂದೆ ಹೇಳಿದರು.

ಗಂಗಾವತಿಯಲ್ಲಿ ಅಕ್ಕಿ ಗಿರಣಿಯೊಂದರ ಲೆಕ್ಕ ನೋಡುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಒಂದು ದಿನ ನನ್ನನ್ನು ತನ್ನ ಕಚೇರಿಗೆ ಕರೆದೊಯ್ದ. ಡಬ್ಬಿ ಹೊಸದು, ಬೋರ್ಡು ಹಳೆಯದು. ‘ಸರ, ಮುಂದಿನ ನೀಲಿ ಕಿಂಡಿ ನಡ್ಯಂಗಿಲ್ರಿ’ ಅಂದ. ನೋಡಿದರೆ ಸಮಸ್ಯೆ ಸರಳ. ಯುಎಸ್‌ಬಿ 2.0ಗೆ ಬೋರ್ಡಿನ ಮೇಲೆ ಇರುವ ಪಿನ್ನುಗಳ ಗುಂಪು 9ರದು. ಐದೈದರ ಎರಡು ಸಾಲು, ಒಂದು ಮೂಲೆ ಖಾಲಿ. ತಿರುವುಮುರುವಾಗಿ ಹಾಕಬಾರದೆಂದು ಬಿಟ್ಟ ಖಾಲಿ ಅದು. 3.0ರದು 19 ಪಿನ್ನುಗಳ ದೊಡ್ಡ ಗುಂಪು, ಅದರ ತಂತಿ ಹಗ್ಗದಷ್ಟು ದಪ್ಪ. ಅವನ ಹೊಸ ಡಬ್ಬಿಯ ತಂತಿಯ ತುದಿ 19ರದು, ಹಳೆಯ ಬೋರ್ಡಿನಲ್ಲಿ ಇದ್ದದ್ದು 9. ಒಂದು ತುದಿ 19, ಇನ್ನೊಂದು ತುದಿ 9 ಇರುವ ಗೇಣುದ್ದದ ಒಂದು ಜೋಡುತಂತಿ ತರಿಸಿದ. ಕೆಲವೇ ನೂರು ರೂಪಾಯಿಯ ಒಳಗೆ ಕೆಲಸ ಮುಗಿಯಿತು. ವೇಗ ಮಾತ್ರ 2.0ದ್ದೇ. ಗಿರಣಿಯ ಲೆಕ್ಕಕ್ಕೆ ಅಷ್ಟು ಸಾಕು.

ವೇಗದ ಬಗ್ಗೆ ಒಂದು ಮಾತು ಹೇಳಬೇಕು. 480 ಮೆಗಾಬಿಟ್ ಅಂದರೆ ಕಾಗದದ ಮೇಲೆ ಸೆಕೆಂಡಿಗೆ 60 ಮೆಗಾಬೈಟ್, ಕೈಗೆ ಸಿಗುವುದು ಮೂವತ್ತೈದರ ಆಸುಪಾಸು. 4 ಗಿಗಾಬೈಟಿನ ಒಂದು ವಿಡಿಯೋ ಪಾಠ ಸುಮಾರು ಎರಡು ನಿಮಿಷದಲ್ಲಿ ಇಳಿಯುತ್ತದೆ. 1990ರ ದಶಕದ ಯುಎಸ್‌ಬಿಯಲ್ಲಾಗಿದ್ದರೆ ಒಂದು ಗಂಟೆ ದಾಟುತ್ತಿತ್ತು. 3.0ರಲ್ಲಿ ಅರ್ಧ ನಿಮಿಷವೂ ಬೇಡ ಅನ್ನುತ್ತಾರೆ, ಆದರೆ ನಮ್ಮ ಕೈಯಲ್ಲಿರುವ ಅಗ್ಗದ ಪೆನ್ ಡ್ರೈವುಗಳಿಗೆ ಆ ವೇಗದಲ್ಲಿ ಓಡುವ ಶಕ್ತಿಯೇ ಇರುವುದಿಲ್ಲ. ಎತ್ತು ನಡೆದಷ್ಟೇ ಬಂಡಿ. ಹೆದ್ದಾರಿ ಎಷ್ಟು ಅಗಲವಾದರೇನು?

ಅಗಲ ಎಂದಾಗ ನಮ್ಮ ರೈಲು ನೆನಪಾಗುತ್ತದೆ. ಕೊಪ್ಪಳದ ಮೇಲೆ ಹಾದುಹೋಗುವ ಗದಗ–ಹೊಸಪೇಟೆ ಹಳಿ ಮೊದಲು ಮೀಟರ್ ಗೇಜ್ ಆಗಿತ್ತು. ಎರಡು ಹಳಿಗಳ ನಡುವೆ 1000 ಮಿಲಿಮೀಟರ್. ದೇಶದ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೋಜನೆ 1992ರಲ್ಲಿ ಆರಂಭವಾಗಿ, ಅದೇ ದಶಕದಲ್ಲಿ ನಮ್ಮದೂ 1676 ಮಿಲಿಮೀಟರಿನ ಬ್ರಾಡ್‌ಗೇಜ್ ಆಯಿತು. ಹಳೆಯ ಬೋಗಿ ಹೊಸ ಹಳಿಯ ಮೇಲೆ ಒಂದು ಅಡಿಯೂ ಹೋಗಲಾರದು. ಅಲ್ಲಿ ‘ಹೊಂದುವುದಿಲ್ಲ’ ಎಂಬ ಮಾತು ಪೂರ್ತಿ ನಿಜ. ಕುಷ್ಟಗಿಗೆ 2025ರ ಮೇ ತಿಂಗಳಲ್ಲಿ ಮೊದಲ ಸಲ ರೈಲು ಬಂದಾಗ ಅದು ಬ್ರಾಡ್‌ಗೇಜಿನಲ್ಲೇ ಬಂತು. ಅಲ್ಲಿ ಕೀಳಲು ಹಳೆಯ ಹಳಿಯೇ ಇರಲಿಲ್ಲ. ಯುಎಸ್‌ಬಿ ಮಾಡಿದವರು ಮಾತ್ರ ಬೇರೆ ದಾರಿ ಹಿಡಿದರು. ಹಳೆಯ ಬೋಗಿಯೂ ಹೊಸ ಹಳಿಯ ಮೇಲೆ ಹಳೆಯ ವೇಗದಲ್ಲಿ ಓಡಲಿ ಅಂದರು. ಆದ್ದರಿಂದ ಡಬ್ಬಿಯ ವಿಷಯದಲ್ಲಿ ‘ಹೊಂದುವುದಿಲ್ಲ’ ಎಂಬ ಮಾತಿಗೆ ‘ಪೂರ್ತಿ ವೇಗ ಸಿಗುವುದಿಲ್ಲ’ ಎಂದಷ್ಟೇ ಅರ್ಥ ಇರುವುದುಂಟು. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಈಗ ನಾಲ್ಕನೆಯ ಊರು, ಕೊಪ್ಪಳ. ಇಲ್ಲಿನ ನಮ್ಮ ಶಾಲೆಯ ಸಾಮಾನು ಕೋಣೆಯಲ್ಲಿ ಹತ್ತು ಹಳೆಯ ಡಬ್ಬಿಗಳಿದ್ದವು. ಹಳೆಯ ವಿದ್ಯಾರ್ಥಿಗಳು ಕಂಪ್ಯೂಟರ್ ಕೋಣೆಗೆಂದು ಸ್ವಲ್ಪ ಹಣ ಕೂಡಿಸಿ ಕೊಟ್ಟರು. ಅಂಗಡಿಯ ಹುಡುಗ ಬಂದು ಕೋಣೆಯ ಬಾಗಿಲಲ್ಲೇ ನಿಂತು ಹೇಳಿದ:

‘ಸರ, ಕ್ಯಾಬಿನೆಟ್ ಹಳೇ ಕಾಲದ್ವು ಅದಾವ್ರಿ. ಈಗಿನ ಪೋರ್ಟ್ ಇವಕ್ಕ ಹೊಂದಂಗಿಲ್ಲ. ಪೂರಾ ಸೆಟ್ ತಗೊಂಡ್ಬಿಡ್ರಿ, ತಲಿಬ್ಯಾನಿ ಇರಂಗಿಲ್ಲ.’

‘ಯಾವ ಪೋರ್ಟ್ ಹೊಂದಂಗಿಲ್ಲೋ ತಮ್ಮಾ? ಹಿಂದಿನದೋ, ಮುಂದಿನದೋ?’

‘ಎರಡೂ ಇರಬೌದ್ರಿ ಸರ. ನಾ ಬಿಚ್ಚಿ ನೋಡಿಲ್ಲ.’

ಕೈಯಲ್ಲಿದ್ದ ಹಣಕ್ಕೆ ಪೂರಾ ಸೆಟ್ಟಾದರೆ ಆರು ಬರುತ್ತಿದ್ದವು. ಡಬ್ಬಿ, ಮಾನಿಟರ್, ಕೀಲಿಮಣೆ ಹಳೆಯವನ್ನೇ ಇಟ್ಟುಕೊಂಡು ಒಳಗಿನ ಸಾಮಾನಷ್ಟೇ ಹೊಸದು ಹಾಕಿದರೆ ಒಂಬತ್ತು. ಒಂಬತ್ತನೆಯ ತರಗತಿಯಲ್ಲಿ 54 ಮಕ್ಕಳು. ಆರು ಯಂತ್ರವಾದರೆ ಒಂದೊಂದಕ್ಕೆ ಒಂಬತ್ತು ಮಂದಿ, ಒಂಬತ್ತಾದರೆ ಆರು ಮಂದಿ. ಈ ವ್ಯತ್ಯಾಸ ಸಣ್ಣದೆಂದು ಕಾಣಬಹುದು. ಆದರೆ ಒಂಬತ್ತು ಮಕ್ಕಳು ಒಂದು ಪರದೆಯ ಮುಂದೆ ನಿಂತಾಗ ಏನಾಗುತ್ತದೆಂದು ಪಾಠ ಮಾಡಿದವರಿಗೆ ಗೊತ್ತು. ಮುಂದಿನ ಇಬ್ಬರು ಗಟ್ಟಿ ಹುಡುಗರು ಮೌಸ್ ಹಿಡಿದಿರುತ್ತಾರೆ. ಹಿಂದಿನ ಸಾಲಿನ ಹುಡುಗಿ ವರ್ಷವಿಡೀ ಅದನ್ನು ಮುಟ್ಟದೆ ಮುಂದಿನ ತರಗತಿಗೆ ಹೋಗುತ್ತಾಳೆ. ಅವಳು ಯಾರೆಂದು ಹಾಜರಿ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಬಲ್ಲೆ.

ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಹಿರಿಯರೊಬ್ಬರು ಬೇರೆಯೇ ಆಕ್ಷೇಪ ಎತ್ತಿದರು. ‘ಮಾಸ್ತರ್ರ, ನಿಮ್ಮ ಲೆಕ್ಕ ಬರೋಬ್ಬರಿ ಐತಿ. ಆದ್ರ ರೊಕ್ಕ ಕೊಟ್ಟ ಮಂದಿ ಬಂದು ನೋಡಿದ್ರ ಏನಂತಾರ? ಹಳೇ ಡಬ್ಬಿನ ಇಟ್ಟಾರ ಅಂತಾರ.’ ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ದಾನ ಕೊಟ್ಟವರ ಕಣ್ಣಿಗೆ ಹೊಸದು ಕಾಣಬೇಕು, ಅದು ಲೋಕರೂಢಿ. ಮೊದಲು ಅಳೆದು ನೋಡೋಣ, ಆಮೇಲೆ ತೀರ್ಮಾನ ಮಾಡೋಣ ಎಂದು ಕೇಳಿಕೊಂಡೆ. ಒಪ್ಪಿದರು.

ಅಳೆಯುವ ಕೆಲಸವನ್ನು ಮಕ್ಕಳಿಗೇ ಕೊಟ್ಟೆ. ಮೊದಲು ಡಬ್ಬಿಗಳನ್ನು ಅಂಗಳಕ್ಕೆ ತಂದು ಧೂಳು ತೆಗೆದೆವು. ಗಿಣಿಗೇರಿ ಕಡೆಯ ಕಾರ್ಖಾನೆಗಳ ಕಪ್ಪು ಧೂಳು ಕೊಪ್ಪಳದವರಿಗೆ ಹೊಸದಲ್ಲ. ಕಬ್ಬಿಣದ ಅಂಶ ಇದೆಯೇ ನೋಡಿರೆಂದು ಅಯಸ್ಕಾಂತ ಕೊಟ್ಟೆ. ಧೂಳಿನ ಕಣಗಳು ಅದಕ್ಕೆ ಮೀಸೆಯಂತೆ ಅಂಟಿಕೊಂಡವು. ಇಂಥದ್ದು ಬೋರ್ಡಿನ ಮೇಲೆ ಕೂತರೆ ಒಳ್ಳೆಯದಲ್ಲವೆಂಬ ಪಾಠ ಅಲ್ಲಿಯೇ ಆಯಿತು.

ಆಮೇಲೆ ಅಳತೆ. ಆಯತದ ಎತ್ತರ 44.45 ಮಿಲಿಮೀಟರ್ ಇದೆಯೇ ಎಂದು ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ನೋಡಿದರು. ಉದ್ದ ಅಳೆಯಲು ಹೋದರೆ ನಮ್ಮ ಪ್ರಯೋಗಶಾಲೆಯ ಕ್ಯಾಲಿಪರ್ಸ್ 15 ಸೆಂಟಿಮೀಟರಿಗೇ ಮುಗಿಯುತ್ತದೆ! ಬೇಕಾದದ್ದು 15.875. ‘ಸರ, ಇದು ಸಾಲಂಗಿಲ್ರಿ’ ಎಂದು ಹುಡುಗಿಯೊಬ್ಬಳು ನಕ್ಕಳು. ಉದ್ದಕ್ಕೆ ಉಕ್ಕಿನ ಸ್ಕೇಲು ಬಳಸಿದರು. ಯಾವ ಅಳತೆಗೆ ಯಾವ ಸಾಧನ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ಆ ತರಗತಿಯವರು ತಪ್ಪಲಾರರು.

ಹತ್ತರಲ್ಲಿ ಏಳು ಡಬ್ಬಿಗಳು ಸರಿ ಇದ್ದವು. ಉಳಿದ ಮೂರರಲ್ಲಿ ಒಂದು ನಾನು ಮೊದಲು ಹೇಳಿದ ಎಟಿ ಕಾಲದ್ದು. ಇನ್ನೆರಡು ದೊಡ್ಡ ಕಂಪನಿಯ ಚಂದದ ಚಿಕ್ಕ ಡಬ್ಬಿಗಳು. ಅವುಗಳ ಬೆನ್ನಿನಲ್ಲಿ ಆಯತವೇ ಇಲ್ಲ, ಪೋರ್ಟಿನ ತೂತುಗಳನ್ನು ತಗಡಿನಲ್ಲೇ ಕೊರೆದಿದ್ದರು. ಸ್ವಿಚ್ಚಿನ ತಂತಿಯ ತುದಿಯೂ ಆ ಕಂಪನಿಯ ಬೋರ್ಡಿಗೆ ಮಾತ್ರ ಹೊಂದುವಂಥದ್ದು. ನೋಡಲು ಅವೇ ಎಲ್ಲಕ್ಕಿಂತ ಹೊಸವು. ಉಪಯೋಗಕ್ಕೆ ಬಾರದವೂ ಅವೇ. ಡಬ್ಬಿ ಹಳೆಯದೋ ಹೊಸದೋ ಎಂಬುದಕ್ಕಿಂತ ಅದು ಎಲ್ಲರ ಅಳತೆಯದೋ ಒಬ್ಬನ ಅಳತೆಯದೋ ಎಂಬುದೇ ಮುಖ್ಯ ಎಂದು ಮಕ್ಕಳಿಗೆ ಆ ದಿನ ಕಣ್ಣಾರೆ ಕಂಡಿತು.

ಮುಂಬದಿಯ ಕಿಂಡಿಗಳ ಲೆಕ್ಕ ಹೀಗೆ. ಐದು ಡಬ್ಬಿಗಳಲ್ಲಿ 9 ಪಿನ್ನಿನ ತಂತಿ ಇತ್ತು. ಈಗಿನ ಅಗ್ಗದ ಬೋರ್ಡುಗಳಲ್ಲೂ ಆ 9ರ ಗುಂಪು ಉಳಿದಿರುವುದರಿಂದ ಅದು ಹಾಗೇ ಕೂತಿತು. ಎರಡರಲ್ಲಿ ಯಲಬುರ್ಗಾದಲ್ಲಿ ಕಂಡಂಥ ಬಿಡಿ ತಂತಿಗಳಿದ್ದವು. ಅವುಗಳ ಗೊಡವೆ ಬೇಡವೆಂದು ಬೇರೆ ಉಪಾಯ ಮಾಡಿದೆವು. ಹಳೆಯ ಡಬ್ಬಿಗಳ ಮುಂಬದಿಯಲ್ಲಿ ಫ್ಲಾಪಿಗೆಂದು ಮೂರೂವರೆ ಇಂಚಿನ ಒಂದು ಖಾಲಿ ಗೂಡು ಇರುತ್ತದೆ. ಆ ಗೂಡಿಗೆ ಸರಿಯಾಗಿ ಕೂರುವ, ಎರಡು ಯುಎಸ್‌ಬಿ 3.0 ಕಿಂಡಿಗಳಿರುವ ಪಟ್ಟಿಗಳು ಸಿಗುತ್ತವೆ. ತಂತಿಯ ತುದಿ 19ರದು; ನೇರ ಹೊಸ ಬೋರ್ಡಿಗೆ. 1.44 ಮೆಗಾಬೈಟಿನ ಫ್ಲಾಪಿ ಕೂರುತ್ತಿದ್ದ ಜಾಗದಿಂದ ಈಗ 64 ಗಿಗಾಬೈಟಿನ ಪೆನ್ ಡ್ರೈವ್ ಓದಬಹುದು. ಈಗಿನ ಹೊಸ ಡಬ್ಬಿಗಳಲ್ಲಿ ಅನೇಕಕ್ಕೆ ಆ ಗೂಡೇ ಇಲ್ಲ. ಅಷ್ಟರ ಮಟ್ಟಿಗೆ ಹಳೆಯ ಡಬ್ಬಿಯೇ ಉದಾರಿ.

ಮುಂಬದಿಯ ಟೈಪ್-ಸಿ ಕಿಂಡಿಗೆ ಬೋರ್ಡಿನ ಮೇಲೆ ಬೇರೆಯೇ ಒಂದು ಚಿಕ್ಕ ಲೋಹದ ಬಾಯಿ ಬೇಕು. ಅಗ್ಗದ ಬೋರ್ಡುಗಳಲ್ಲಿ ಅದು ಅಪರೂಪ. 19ರಿಂದ ಅದಕ್ಕೆ ಜೋಡಿಸುವ ತುಣುಕುಗಳಿವೆ, ಆದರೆ ವೇಗ 5 ಗಿಗಾಬಿಟ್ಟಿಗೆ ನಿಲ್ಲುತ್ತದೆ. ಶಾಲೆಗೆ ಸದ್ಯ ಅದರ ಗರಜು ಕಾಣಲಿಲ್ಲ. ಟೈಪ್-ಸಿ ಫೋನು ತಂದ ಶಿಕ್ಷಕರು ಹಿಂಬದಿಗೆ ಬಗ್ಗಲಿ.

ಮಾನಿಟರುಗಳು 1987ರಲ್ಲಿ ಬಂದ 15 ಪಿನ್ನಿನ ವಿಜಿಎ ಬಾಯಿಯವು. ಇಂದಿಗೂ ಕೆಲವು ಅಗ್ಗದ ಬೋರ್ಡುಗಳಲ್ಲಿ ಆ ಬಾಯಿ ಇದೆ, ನೋಡಿ ಆರಿಸಿದೆವು. ಇಲ್ಲದಿದ್ದರೆ ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಒಳಗೆ ಚಿಪ್ ಇರುವ ತುಣುಕು ಬೇಕು. ಬರೀ ತಂತಿ ನಡೆಯದು. ಒಂದು ಅಂಕಿಗಳಲ್ಲಿ ಮಾತಾಡುತ್ತದೆ, ಇನ್ನೊಂದು ಅಲೆಗಳಲ್ಲಿ. ನಡುವೆ ದುಭಾಷಿ ಇರಲೇಬೇಕು.

ಹಳೆಯದನ್ನು ಉಳಿಸಬೇಕೆಂಬ ಹುರುಪಿನಲ್ಲಿ ಉಳಿಸಬಾರದ್ದನ್ನೂ ಉಳಿಸುವುದು ಸಲ್ಲ. ಡಬ್ಬಿಯೊಳಗಿನ ಎಸ್‌ಎಂಪಿಎಸ್, ಅಂದರೆ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸುವ ಪೆಟ್ಟಿಗೆ, ಹದಿನೈದು ವರ್ಷದ್ದಾಗಿದ್ದರೆ ಅದನ್ನು ನಂಬಬಾರದು. ಅದರ ಕೆಪಾಸಿಟರುಗಳು ವಯಸ್ಸಾದಂತೆ ಉಬ್ಬುತ್ತವೆ, ಒಣಗುತ್ತವೆ. ನಾವು ಎಲ್ಲವನ್ನೂ ಬದಲಿಸಿದೆವು. ಇನ್ನೊಂದು ಎಚ್ಚರಿಕೆ: ಬೋರ್ಡನ್ನು ಹೊತ್ತುಕೊಳ್ಳುವ ಹಿತ್ತಾಳೆಯ ಪುಟ್ಟ ಗೂಟಗಳು ಹಳೆಯ ಬೋರ್ಡಿಗೆ ತಕ್ಕಂತೆ ನೆಟ್ಟಿರುತ್ತವೆ. ಹೊಸ ಬೋರ್ಡಿನ ತೂತಿಲ್ಲದ ಜಾಗದಲ್ಲಿ ಒಂದು ಗೂಟ ಉಳಿದರೂ ಅದು ಬೋರ್ಡಿನ ಅಡಿಯನ್ನು ಮುಟ್ಟಿ ಶಾರ್ಟ್ ಆಗುತ್ತದೆ. ಅಗ್ಗದ ಬೋರ್ಡುಗಳು 244 ಮಿಲಿಮೀಟರಿಗಿಂತ ಕಿರಿದಾಗಿದ್ದು ಒಂದು ಅಂಚು ಆಧಾರವಿಲ್ಲದೆ ತೂಗುವುದೂ ಉಂಟು. ಆ ಕಡೆಯ ಪ್ಲಗ್ಗನ್ನು ಒತ್ತುವಾಗ ಅಡಿಗೆ ಬೆರಳು ಕೊಡಬೇಕು. ಈ ಕೆಲಸಗಳೆಲ್ಲ ಕರೆಂಟಿನ ತಂತಿ ಕಿತ್ತಿಟ್ಟ ಮೇಲೆಯೇ ಎಂದು ಬೇರೆ ಹೇಳಬೇಕಿಲ್ಲ.

ಕೊನೆಗೆ ಸಮಿತಿಯವರು ಏಳು ಹಳೆಯ ಡಬ್ಬಿ, ಎರಡು ಹೊಸ ಡಬ್ಬಿಗೆ ಒಪ್ಪಿದರು. ಆಕ್ಷೇಪ ಎತ್ತಿದ ಹಿರಿಯರು ಹಳೆಯ ಏಳಕ್ಕೂ ಬಣ್ಣ ಹೊಡೆಸಲೇಬೇಕೆಂದು ಹಟ ಹಿಡಿದು, ಆ ಖರ್ಚನ್ನು ತಾವೇ ಕೊಟ್ಟರು. ಬಳಕೆಗೆ ಬಾರದ ಮೂರನ್ನು ಗುಜರಿಗೆ ಹಾಕದೆ ಪ್ರತ್ಯೇಕ ಇಟ್ಟಿದ್ದೇವೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ಇಂಥವು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಗುಜರಿಯವನು ಬೋರ್ಡನ್ನು ಬಯಲಲ್ಲಿ ಸುಟ್ಟರೆ ಅದರ ಸೀಸದ ಹೊಗೆ ಕುಡಿಯುವವರು ನಮ್ಮ ಮಕ್ಕಳೇ.

ಒಂಬತ್ತು ಯಂತ್ರಗಳೂ ನಡೆಯುತ್ತಿವೆ. ಮುಂಬದಿಯ ಕಿಂಡಿಗೆ ಹೊರಗಿನ ಹಾರ್ಡ್ ಡಿಸ್ಕ್ ಹಾಕಿದರೆ ಕೆಲವೊಮ್ಮೆ ಎದ್ದೇಳುವುದಿಲ್ಲ. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದ್ದು 500 ಮಿಲಿಆಂಪಿಯರ್ ಮಾತ್ರ, 3.0 ಕೊಡುವುದು 900. ಅಂಥವನ್ನು ಹಿಂದಿನ ಕಿಂಡಿಗೆ ಹಾಕುವುದನ್ನು ಮಕ್ಕಳು ಕಲಿತಿದ್ದಾರೆ. ಹಾಜರಿ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಬಲ್ಲೆ ಎಂದೆನಲ್ಲ, ಆ ಹುಡುಗಿಯ ಪಾಳಿ ಈಗ ಪ್ರತಿ ತಾಸಿನಲ್ಲೂ ಬರುತ್ತದೆ.

ಪ್ರತಿ ಡಬ್ಬಿಯ ಪಕ್ಕದ ತಗಡಿನ ಒಳಮೈಗೆ ಮಕ್ಕಳು ಒಂದು ಚೀಟಿ ಅಂಟಿಸಿದ್ದಾರೆ. ಆಯತದ ಅಳತೆ, ಸ್ಕ್ರೂ ತೂತುಗಳ ಸಂಖ್ಯೆ, ಮುಂಬದಿಯ ತಂತಿ 9ರದೋ 19ರದೋ, ಎಸ್‌ಎಂಪಿಎಸ್ ಹಾಕಿದ ವರ್ಷ ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ. ನನ್ನ ನಿವೃತ್ತಿಗೆ ಹೆಚ್ಚು ವರ್ಷ ಉಳಿದಿಲ್ಲ. ಮುಂದೆ ಯಾವ ಕಿಂಡಿ ಬರುತ್ತದೋ ನಾನು ಕಾಣೆ. ಆಗ ಬರುವ ಮಾಸ್ತರರು ‘ಹೊಂದಂಗಿಲ್ಲ’ ಅನ್ನುವ ಮೊದಲು ಎರಡು ಸ್ಕ್ರೂ ಬಿಚ್ಚಿ ಆ ಚೀಟಿ ಓದಲಿ.